ಅತ್ತೆಯ ಮನೆಗೆ ಬಂದ ಟಾಕೀಸಿನ ಹಾರ್ನುಗಳು

ನಮ್ಮ ಸೋದರತ್ತೆಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ಸಾಗರದಲ್ಲಿ ಬೇಕಾದಷ್ಟು ಜನರಿದ್ದಾರೆ. ನನ್ನ ಸಹಾಯ ಬೇಕಿಲ್ಲ!

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು ಇನ್ನು ತೀರ್ಥಯಾತ್ರೆಗೆ ಹೊರಡುತ್ತಾಳೆ ಎಂದುಕೊಂಡಿದ್ದೆವು. ಹೊರಟಳು, ತೀರ್ಥಹಳ್ಳಿಯವರೆಗೆ! ಅಲ್ಲಿ ಮುಚ್ಚಿಹೋದ ಟಾಕೀಸೊಂದರ ಪರದೆಯ ಹಿಂದೆ ಬಿದ್ದಿದ್ದ ಎರಡು ಹಳೇ ಹಾರ್ನ್ ಸ್ಪೀಕರುಗಳ ದರ್ಶನವಾಗಿ, ಅವನ್ನೇ ಪ್ರಸಾದವೆಂದು ಹೊತ್ತು ತಂದಳು.

ಹೊತ್ತವನು ನಾನು, ಬಿಡಿ. ಒಂದೊಂದರ ಬಾಯಿಯೂ ಸ್ನಾನದ ಹಂಡೆಯಷ್ಟು ಅಗಲ. ಪಿಕಪ್ ಗಾಡಿಯಲ್ಲಿ ಬರುತ್ತಾ ಹೊಸನಗರದಲ್ಲಿ ಚಹಾಕ್ಕೆ ನಿಂತರೆ ಸುತ್ತ ಜನ!

"ಯಾವ ಪಾರ್ಟಿ ಪ್ರಚಾರ ಅಕ್ಕಾ?"

"ಪಾರ್ಟಿ ಎಂತದೂ ಇಲ್ಲ. ಮನೇಲಿ ಕೂತು ವೀಣೆ ಕೇಳಕ್ಕೆ."

ಕೇಳಿದವನು ನನ್ನ ಕಡೆ ತಿರುಗಿ ಮೆಲ್ಲಗೆ, "ಡಾಕ್ಟ್ರಿಗೆ ತೋರ್ಸಿದ್ರಾ?" ಎಂದ.

ಆಮೇಲೆ ಶುರುವಾಯಿತು 'ಅಪ್‌ಗ್ರೇಡು'. ಹಾರ್ನಿನ ಬೆನ್ನಿಗಿರುವ, ಸದ್ದು ಹುಟ್ಟಿಸುವ ಡ್ರೈವರ್ ಬಿಚ್ಚಿ, ಒಳಗಿನ ಹರಿದ ಪೊರೆ ತೆಗೆದು ಹೊಸದು ಕೂರಿಸಿದಳು. ಹಾಡಿನ ಜೊತೆ ತಗಡೂ ಝಣಗುಟ್ಟಬಾರದಲ್ಲ? ಅದರ ಮೈಗೆ ಮೆತ್ತಲು ಹಿಟ್ಟಿನಂಥ ಪುಟ್ಟಿಯನ್ನು ಅಡಿಗೆಕಟ್ಟೆಯ ಮೇಲೇ ನಾದಿ, ತಟ್ಟೆ ಮುಚ್ಚಿಟ್ಟಳು. ಪೇಟೆಯಿಂದ ಹಸಿದು ಬಂದ ಮಾವ ತಟ್ಟೆ ಎತ್ತಿ ನೋಡಿ ಹಿಗ್ಗಿದರು.

"ಇವತ್ತು ಚಪಾತಿಯಾ?"

"ಅದು ಹಾರ್ನಿಗೆ. ನಿಮಗೆ ಬೆಳಗಿನ ಚಿತ್ರಾನ್ನ ಇದೆ."

ಆ ಮನೆಯಲ್ಲಿ ಯಾರಿಗೆ ಯಾವ ಸ್ಥಾನ ಎಂಬುದು ಅಂದೇ ಖಾತ್ರಿಯಾಯಿತು!

ಇನ್ನು ಕೆಪಾಸಿಟರ್ ಪ್ರಕರಣ. ದಪ್ಪ ಸ್ವರ, ಸಣ್ಣ ಸ್ವರಗಳನ್ನು ಬೇರ್ಪಡಿಸುವ ಪೆಟ್ಟಿಗೆಯಲ್ಲಿನ ಹಳೇ ಕೆಪಾಸಿಟರುಗಳನ್ನು ತೆಗೆದು ಹೊಸದು ಹಾಕುವುದೆಂದಾಯಿತು. ಪರೀಕ್ಷೆಗೆ ಕೂತವರು ಮಾವ ಮತ್ತು ನಾನು. ಒಂದೇ ವೀಣೆಯನ್ನು ಹಳೇದರಲ್ಲೊಮ್ಮೆ, 'ಹೊಸದು ಹಾಕಿದೆ' ಎಂದು ಇನ್ನೊಮ್ಮೆ ಕೇಳಿಸಿದಳು.

"ಹೋಯ್, ಎಂತಾದ್ರೂ ವ್ಯತ್ಯಾಸ ಗೊತ್ತಾತಾ?"

ಮಾವ ಕಣ್ಣು ಮುಚ್ಚಿ, "ಆಹಾ! ತಂತಿ ಇಲ್ಲೇ ಎದುರಿಗಿದ್ದಂಗಾತು!" ಎಂದರು.

ನಾನೇನು ಕಡಿಮೆಯೇ? "ಕಿವಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಂಗಾಯ್ತು ಅತ್ತೆ!"

ಅತ್ತೆ ಅಂಗೈ ಬಿಡಿಸಿದಳು. "ಹೊಸ ಕೆಪಾಸಿಟರ್ ಇನ್ನೂ ಇಲ್ಲೇ ಇದಾವೆ!"

ಕಳೆದ ವರ್ಷ ಅಮ್ಮ ತೀರಿಕೊಂಡಳು. ಕಾರ್ಯ ಮುಗಿಯುವವರೆಗೂ ಬಂದವರಿಗೆ ನೀರು, ಎಲೆ, ಜಮಖಾನ ಎಂದು ಓಡಾಡಿದೆನೇ ಹೊರತು ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಗಟ್ಟಿ ಮನುಷ್ಯ ಎಂದು ನೆಂಟರು ಹೊಗಳಿದರು. ಅತ್ತೆ ಮಾತ್ರ ನನ್ನನ್ನು ಮರುದಿನ ಬೆಳಿಗ್ಗೆ ತನ್ನ ಮನೆಗೆ ಕರೆದೊಯ್ದು, ಹಾರ್ನುಗಳೆದುರು ಕೂರಿಸಿ ಒಳಗಿನಿಂದ ಬಾಗಿಲು ಹಾಕಿದಳು.

ಒಂದು ಕೊಳಲು ಶುರುವಾಯಿತು. ನುಡಿಸುವವನು ನಡುವೆ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರವಿಡೀ ನಾನು ಅಮ್ಮನ ಉಸಿರಿಗೆ ಕಿವಿಗೊಟ್ಟು ಕುಳಿತಿದ್ದೆ. ತಡೆಯಲಾಗಲಿಲ್ಲ, ಗೋಳೋ ಎಂದು ಅತ್ತುಬಿಟ್ಟೆ.

ಕಿಟಕಿಯಾಚೆ ಬೀದಿಯಲ್ಲಿ ಯಾರೋ ಮಾತಾಡುತ್ತಾ ಹೋಗುತ್ತಿದ್ದರು. ನಾಚಿಕೆಯಾಗಿ ಬಾಯಿಗೆ ಟವೆಲು ಒತ್ತಿಕೊಂಡೆ. ಅತ್ತೆ ಅದನ್ನು ಕಿತ್ತುಕೊಂಡಳು.

"ಅಳು ಮಾರಾಯ. ಹೊರಗೆ ಯಾರಿಗೂ ಕೇಳಲ್ಲ."

ಎದ್ದುಹೋಗಿ ವಾಲ್ಯೂಮ್ ಪೂರ್ತಿ ತಿರುಗಿಸಿದಳು.