ಒಂದೇ ಹೂವಿನ ಎರಡು ಸೋಫಾ

ಹೆಂಡತಿ ಕಳಸದ ತಂಗಿಮನೆಯಿಂದ ಹಿಂತಿರುಗುವಷ್ಟರಲ್ಲಿ ನಮ್ಮ ಸೋಫಾವನ್ನು ಪತ್ತೆಹಚ್ಚಿ ತರದಿದ್ದರೆ, ಮೂಡಿಗೆರೆಯ ಮಕ್ಕಳಿಗೆ ನಾನು ಕಲಿಸಿದ ವಿಜ್ಞಾನವೆಲ್ಲ ವ್ಯರ್ಥವೆಂದು ಶಪಥ ಮಾಡಿದೆ!

ಅದು ಸಾಮಾನ್ಯ ಸೋಫಾ ಅಲ್ಲ. ಬೀಟೆ ಮರದ್ದು, ನನ್ನ ಮಾವ ಮಗಳಿಗೆಂದು ಮುಂದೆ ನಿಂತು ಮಾಡಿಸಿದ್ದು. ಅದರ ಮೇಲೆ ನಾನು ಕಾಲಿಟ್ಟರೆ ಸುಶೀಲಾ ತನ್ನ ಅಪ್ಪನ ಹೆಗಲ ಮೇಲೇ ಕಾಲಿಟ್ಟಂತೆ ನೋಡುತ್ತಾಳೆ. ಪಕ್ಕದ ಮನೆಯ ಬೆಳ್ಳಿಯಪ್ಪ, ನನ್ನ ಹಳೆಯ ಶಿಷ್ಯ, ಮಗಳು ಗಾನವಿಯ ನಿಶ್ಚಿತಾರ್ಥಕ್ಕೆ ಅದನ್ನು ಎರವಲು ಒಯ್ದಿದ್ದ. ತೊಡಕು ಅಲ್ಲಿಂದಲೇ. ಅವನಲ್ಲೂ ಅದೇ ಅಳತೆಯ ಸೋಫಾ ಉಂಟು. ಎರಡು ಮನೆಯ ಹೆಂಗಸರೂ ಒಂದೇ ಥಾನಿನ ಹೂವಿನ ಬಟ್ಟೆ ಕೊಂಡು, ದರ್ಜಿ ಹಾಲೇಶನಿಂದ ನೆಲ ಮುಟ್ಟುವ ಕವರ್ ಹೊಲಿಸಿದ್ದರು. ಜಾರಬಾರದೆಂದು ಆತ ಸುತ್ತಲೂ ಭದ್ರವಾಗಿ ಹೊಲಿದುಬಿಟ್ಟಿದ್ದ. ಬಿಚ್ಚಿ ನೋಡೋಣವೆಂದರೆ, ಸುಶೀಲಾಳ ಕವರಿಗೆ ಕತ್ತರಿ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ.

ಅವಳು ಕಳಸಕ್ಕೆ ಹೊರಟ ದಿನವೇ ಸೋಫಾ ಮನೆಗೆ ಬಂತು. ಕೂತೆ. ಎದ್ದೆ. ಮತ್ತೆ ಕೂತೆ. ಎಲ್ಲಿ ನನ್ನ ಗುಳಿ? ನಿವೃತ್ತಿಯ ನಂತರ ಕೂತು ಕೂತು ಸಂಪಾದಿಸಿದ ಏಕೈಕ ಸ್ಥಿರಾಸ್ತಿ ಮಾಯ! ಸೀಟು ಹೊಸ ಹೆಡ್‌ಮಾಸ್ಟರರಂತೆ ಬಿಗಿದುಕೊಂಡು ನನ್ನನ್ನು ಮೇಲಕ್ಕೆ ತಳ್ಳುತ್ತಿತ್ತು. ಅಂದಮೇಲೆ ಇದು ಬೆಳ್ಳಿಯಪ್ಪನದು, ನಮ್ಮದು ಅಲ್ಲಿದೆ.

ಹೋಗಿ ಅಲ್ಲಿಯದರಲ್ಲಿ ಕೂತೆ. ಆಹಾ, ಸೊಂಟದವರೆಗೆ ಹಿತವಾಗಿ ಮುಳುಗಿದೆ! ಸರಿಯಾಗಿ ನೋಡಿಯೇ ಕಳಿಸಿದ್ದೆವಲ್ಲ ಎಂದು ಬೆಳ್ಳಿಯಪ್ಪ ತಲೆ ಕೆರೆದುಕೊಂಡ. ನಾನು ಬಿಡಲಿಲ್ಲ. ಕವರಿನ ಮೇಲಿಂದಲೇ ಮರ ತಟ್ಟಿದೆ. ಶಬ್ದದ ಕಂಪನವನ್ನು ವಿವರಿಸಿದೆ. ಗುಳಿಗೂ ಕೂರುವವನ ಆಕಾರಕ್ಕೂ ಇರುವ ಸಂಬಂಧವನ್ನು ಪ್ರಯೋಗಸಹಿತ ಸಾಧಿಸಿದೆ. ಕಾಫಿ ಬಂತು, ಆರಿತು, ಮತ್ತೆ ಬಂತು. ಕೊನೆಗೆ ಅವನು ಹಿಂದೆ ತರಗತಿಯಲ್ಲಿ ಆಡಿಸುತ್ತಿದ್ದಂತೆಯೇ ತಲೆಯಾಡಿಸಿ ತೋಟದ ಆಳುಗಳನ್ನು ಕರೆದ. ನಮ್ಮ ಮನೆಯಲ್ಲಿದ್ದುದನ್ನು ಅಲ್ಲಿಗೆ ಒಯ್ಯುವಾಗ ನಾಲ್ವರೂ ಏದುಸಿರು ಬಿಟ್ಟರು. ಅಲ್ಲಿಯದನ್ನು ಇಲ್ಲಿಗೆ ತರಲು ಇಬ್ಬರೇ ಸಾಕಾದರು. ಸತ್ಯ ಯಾವಾಗಲೂ ಹಗುರ ಎಂದುಕೊಂಡೆ.

ಕಳಸದಿಂದ ಬಂದ ಸುಶೀಲಾ ಸೋಫಾದಲ್ಲಿ ಕೂತವಳೇ ಎದ್ದಳು.

"ಅಪ್ಪನ ಸೋಫಾ ಎಲ್ಲಿ ರೀ?"

"ಇದೇ ಅಲ್ವಾ? ಗುಳಿ ನೋಡು."

"ಗುಳಿ ಎಲ್ಲಿಂದ ಬರ್ಬೇಕು? ನಿಶ್ಚಿತಾರ್ಥಕ್ಕೆ ಬಂದ ನೆಂಟರು ಹೂತುಹೋಗ್ಬಾರ್ದು ಅಂತ ಹಾಲೇಶನ್ನ ಬೆಳ್ಳಿಯಪ್ಪನವ್ರ ಮನೆಗೇ ಕರ್ಸಿ, ಹೊಲಿಗೆ ಬಿಚ್ಚಿಸಿ ಹೊಸ ನಾರು ತುಂಬ್ಸಿದ್ದೆ."

ಹಾಗಾದರೆ ನಾನು ಮೈಮರೆತು ಮುಳುಗಿದ್ದು ಬೆಳ್ಳಿಯಪ್ಪನ ಗುಳಿಯಲ್ಲೇ? ಗುರುಶಿಷ್ಯರಿಗೆ ಆ ಭಾಗದಲ್ಲೂ ಇಷ್ಟೊಂದು ಸಾಮ್ಯವೇ?

ಇಬ್ಬರೂ ಓಡಿದೆವು. ಶಿಷ್ಯ ನನ್ನ ಮಾವನ ಬೀಟೆಯ ಮೇಲೆ ನೆಟ್ಟಗೆ ಕೂತಿದ್ದ. ವಿಷಯವನ್ನು ತಡವರಿಸುತ್ತ ಹೇಳಿದೆ.

"ಈಗ ಇದು ನಂದಲ್ಲ ಅಂದ್ರೆ ಹ್ಯಾಗೆ ಮೇಷ್ಟ್ರೇ? ನೀವು ಮಾಡಿದ ಪಾಠದಲ್ಲಿ ನಂಗೆ ಪೂರ್ತಿ ಅರ್ಥ ಆಗಿದ್ದು ಅದೊಂದೇ. ಬೇಕಾದ್ರೆ ತಿರುಗಿಸಿ ಇನ್ನೊಂದ್ಸಲ ಹೇಳಿ, ಕೇಳ್ತೀನಿ."

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸುಶೀಲಾ ಸೋಫಾದ ಒಂದು ತುದಿ ಹಿಡಿದಾಗಿತ್ತು.

"ಇವ್ರಿಗೆ ಮಾತಾಡೋಕೆ ಬಿಡ್ಬೇಡಿ ಬೆಳ್ಳಿಯಪ್ಪನವ್ರೇ, ಆ ಕಡೆ ಎತ್ತೋಕೆ ಹೇಳಿ. ಬಾಯಿ ಬಿಟ್ರೆ ನಮ್ಮನೆ ಮಂಚನೂ ನಿಮ್ದೇ ಅಂತ ಸಾಧಿಸಿಬಿಡ್ತಾರೆ."