ಅರವತ್ತು ಪಟ್ಟು ಹತ್ತಿರ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರ ಮಾತನ್ನು ನಾನು ಎಂದೂ ಅಲ್ಲಗಳೆದವನಲ್ಲ, ಹಾಗಂತ ಕೇಳಿದವನೂ ಅಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮನುಷ್ಯ ನಾನು. ಪೀನ ಮಸೂರ, ನಿಮ್ನ ಮಸೂರ, ಸಂಗಮ ದೂರ ಎಂದು ಬೋರ್ಡಿನ ಮೇಲೆ ಎಳೆದ ಗೆರೆಗಳನ್ನೆಲ್ಲ ಸೇರಿಸಿದರೆ ಇಂಡಿಯಿಂದ ಸಿಂದಗಿ ಮುಟ್ಟಿ ತಿರುಗಿ ಬರಬಹುದು. ಇಷ್ಟೆಲ್ಲ ಗೆರೆ ಎಳೆದವನೇ ಒಂದು ಮಸೂರದಿಂದ ಮನೆಹಾಳಾದೆ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಅವರಿಗೆ ಪರೀಕ್ಷೆಯಲ್ಲಿ ಅಂಕ ಕೊಡುವಾಗ ನಾನೂ ಬಹಳ ನಕ್ಕಿದ್ದೇನೆ.

ರೋಗ ಹತ್ತಿದ್ದು ನಿವೃತ್ತಿಯಾದ ವರ್ಷ. ಮುದ್ದೇಬಿಹಾಳದ ಚಿದಾನಂದ ಎಂಬ ಮಾಸ್ತರರು ನನ್ನ ಜೊತೆ ಕೆಲಸ ಮಾಡಿದವರು, ಹಕ್ಕಿ ನೋಡುವ ಹುಚ್ಚಿನವರು. ಒಂದು ದಿನ ನನ್ನನ್ನು ಬಸವನ ಬಾಗೇವಾಡಿ ಕಡೆಯ ಕೃಷ್ಣೆಯ ಹಿನ್ನೀರಿಗೆ ಕರೆದುಕೊಂಡು ಹೋಗಿ, ಕೊರಳಲ್ಲಿದ್ದ ದುರ್ಬೀನು ತೆಗೆದು ನನ್ನ ಕೈಗೆ ಕೊಟ್ಟರು. ಹಳೆಯ ಕಾಲದ ಸೊಟ್ಟ ದುರ್ಬೀನು. ಕಣ್ಣಿಡುವ ಕಡೆ ಇಕ್ಕಟ್ಟು, ಮುಂದಿನ ಗಾಜುಗಳ ನಡುವೆ ಅಗಲ. ಇಟ್ಟು ನೋಡಿದೆ, ನೋಡಿದವನು ಬಾಯಿ ಮುಚ್ಚಲಿಲ್ಲ. ಉದ್ದ ಕಾಲಿನ ಹಕ್ಕಿಗಳು ನೀರಲ್ಲಿ ನಿಂತಿದ್ದವು. ಮುಂದಿನದು ಮುಂದೆ, ಹಿಂದಿನದು ಹಿಂದೆ, ನಡುವಿನ ನೀರು ನಡುವೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಬರಿಗಣ್ಣಿಗೆ ಬಿಳಿ ಗೆರೆಯಾಗಿ ಕಂಡದ್ದು ಇಲ್ಲಿ ಆಳವುಳ್ಳ ಜಗತ್ತಾಗಿತ್ತು. ‘ಮುಂದಿನ ಗಾಜು ದೂರ ದೂರ ಅದಾವಲ್ರಿ ಸರ, ಅದಕ್ಕ ಆಳ ಹೆಚ್ಚಿಗಿ ಕಾಣಿಸ್ತದ. ಎರಡು ಕಣ್ಣು ಎರಡು ಕಡಿಯಿಂದ ನೋಡಿದ್ರನ ಯಾವುದು ಹಿಂದ, ಯಾವುದು ಮುಂದ ಅಂತ ತಿಳೀತದ’ ಎಂದರು ಚಿದಾನಂದ. ನಾನು ‘ಹ್ಞೂಂ ಹ್ಞೂಂ’ ಎಂದೆ. ವಿಜ್ಞಾನದ ಮಾಸ್ತರನಿಗೆ ಇನ್ನೊಬ್ಬ ಮಾಸ್ತರ ವಿಜ್ಞಾನ ಹೇಳಿದರೆ ಕಿವಿಗೆ ಹೋಗುವುದು ಅಷ್ಟರಲ್ಲೇ ಇದೆ. ‘ಇದು ಎಷ್ಟು ಪಟ್ಟು?’ ಎಂದು ಕೇಳಿದೆ. ‘ಎಂಟು’ ಎಂದರು. ಬರೀ ಎಂಟೇ, ಎಂದುಕೊಂಡೆ ಮನಸ್ಸಿನಲ್ಲಿ.

ಮನೆಗೆ ಬಂದವನೇ ಮೊಬೈಲಿನಲ್ಲಿ ಹುಡುಕಿ, ಅರವತ್ತು ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಒಂದನ್ನು ತರಿಸಿದೆ. ಒಂದೇ ಕಣ್ಣಿನ ದಪ್ಪ ನಳಿಗೆ, ಮೂರು ಕಾಲಿನ ಸ್ಟ್ಯಾಂಡು. ನಮ್ಮ ಮನೆ ಇಂಡಿಯಿಂದ ಅಗರಖೇಡಕ್ಕೆ ಹೋಗುವ ಕಡೆ ಒಂದು ಸಣ್ಣ ಊರಿನ ಅಂಚಿನಲ್ಲಿದೆ. ಹಿತ್ತಲಿಗೆ ಹತ್ತಿದ ನಿಂಬೆ ತೋಟ, ಅದರಾಚೆ ಜೋಳದ ಹೊಲಗಳು, ಕಣ್ಣು ಹಾಯುವತನಕ ಬಯಲು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಪರೀಕ್ಷಿಸಲು ನಮ್ಮ ತಾಲೂಕಿನಲ್ಲಿ ಒಂದು ಬೆಟ್ಟವೂ ಇಲ್ಲ. ನಳಿಗೆಯನ್ನು ಮಾಳಿಗೆಯ ಮೇಲೆ ಹೂಡಿದ ದಿನ ನನ್ನ ಹೆಂಡತಿ ಶಾಂತಾ ಮೆಟ್ಟಿಲು ಹತ್ತಿ ಬಂದು ಅದನ್ನು ಸುತ್ತು ಹಾಕಿ ನೋಡಿದಳು. ಆಕೆಯ ತವರು ಭೀಮಾ ದಂಡೆಯ ದೇವಣಗಾಂವ; ಆ ಕಡೆಯವರು ಮಾತಿಗೆ ಬೆಲ್ಲ ಸವರುವುದಿಲ್ಲ. ‘ದೇವರು ಎರಡು ಕಣ್ಣು ಕೊಟ್ಟಾನ, ನೀವು ಹಣ ಕೊಟ್ಟು ಒಂದು ಮುಚ್ಚಿಕೊಂಡ್ರಿ’ ಎಂದಳು. ಎರಡು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು, ಮಾಸ್ತರ ಮಾಳಿಗೆ ಮೇಲೆ ತೋಪು ಇಟ್ಟಿದ್ದಾನೆ ಎಂದು.

ಹಕ್ಕಿ ನೋಡಲು ತಂದದ್ದು ನಿಜ. ಆದರೆ ನಮ್ಮ ಬಯಲಿನಲ್ಲಿ ಕಾಣುವುದು ಗುಬ್ಬಿ, ಬೆಳವ, ಕಾಗೆ. ಅವನ್ನು ಅರವತ್ತು ಪಟ್ಟು ಮಾಡಿ ನೋಡಿದರೂ ಕಾಗೆ ಕಾಗೆಯೇ. ಮನುಷ್ಯರನ್ನು ನೋಡುವುದರಲ್ಲಿ ರುಚಿ ಹೆಚ್ಚು. ಯಾರ ಎತ್ತು ಯಾರ ಬದು ಮೇಯುತ್ತಿದೆ, ಯಾರು ಕಳೆ ತೆಗೆಯುವ ಬದಲು ಗಿಡದ ಬುಡಕ್ಕೆ ಮಲಗಿದ್ದಾರೆ, ಎಲ್ಲವೂ ಅಂಗೈ ಮೇಲೆ. ಜೀವನವಿಡೀ ಮಕ್ಕಳ ಮೇಲೆ ಕಣ್ಣಿಟ್ಟವನಿಗೆ ಕಣ್ಣಿಡಲು ಏನಾದರೂ ಬೇಕಿತ್ತು.

ಈಗ ಗುರಪ್ಪನ ವಿಷಯ ಹೇಳಬೇಕು, ಹೇಳಲು ಮನಸ್ಸಿಲ್ಲ. ಗುರಪ್ಪ ಒಂದನೇ ಇಯತ್ತೆಯಿಂದ ನನ್ನ ಜೊತೆ ಕೂತವನು. ನಾನು ಮುಂದೆ ಓದಿದೆ, ಅವನು ಹೊಲಕ್ಕೆ ಹೋದ. ಅವನ ಹೊಲ ನಮ್ಮ ಜೋಳದ ಹೊಲದ ಮಗ್ಗುಲಿಗೇ. ನಮ್ಮದರಲ್ಲಿ ನೆರಳಿಗೆ ಒಂದು ಗಿಡವಿಲ್ಲ. ಅವನದರಲ್ಲಿ ದೊಡ್ಡ ಬೇವಿನ ಮರವಿದೆ. ಎಳ್ಳಮವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿದ ಮೇಲೆ ಎರಡೂ ಮನೆಯವರು ಆ ಬೇವಿನ ಕೆಳಗೆ ಒಂದೇ ಕಂಬಳಿ ಹಾಸಿ, ಬುತ್ತಿ ಕೂಡಿಸಿ ಉಣ್ಣುವುದು ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು. ಅದೇ ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಆಚೆ ಹೊಲದ ಪರಸಪ್ಪ ಆ ವರ್ಷ ಮುಳ್ಳು ಹಾಕಿ ಮುಚ್ಚಿದ. ‘ಇಲ್ಲಿ ದಾರೀನ ಇದ್ದಿಲ್ಲ’ ಎಂದ. ನಾನು ಇಂಡಿಯ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟೆ. ದಾರಿ ಇತ್ತು ಎನ್ನಲು ನನಗಿದ್ದ ಸಾಕ್ಷಿ ಗುರಪ್ಪ ಒಬ್ಬನೇ.

ಸಾಹೇಬರು ಸ್ಥಳ ನೋಡಲು ಬರುವುದಕ್ಕೆ ಎಂಟು ದಿನ ಮುಂಚೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ನಳಿಗೆಗೆ ಕಣ್ಣಿಟ್ಟವನು ಮತ್ತೆ ಕಣ್ಣು ತೆಗೆಯಲಿಲ್ಲ. ಗುರಪ್ಪನ ಬೇವಿನ ಕೆಳಗೆ ಗುರಪ್ಪ, ಅವನ ಮಗ್ಗುಲಿಗೆ ಹೆಗಲಿಗೆ ಹೆಗಲು ಕೊಟ್ಟು ಪರಸಪ್ಪ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಗುರಪ್ಪ ಕೈ ಎತ್ತಿ ಪರಸಪ್ಪನ ಹೆಗಲ ಮೇಲೆ ಇಟ್ಟ. ಎರೆ ಹೊಲದ ಬಿಸಿಗೆ ಗಾಳಿ ಕುದಿಯುತ್ತಿತ್ತು, ಇಬ್ಬರ ಮುಖವೂ ನೀರಲ್ಲಿ ಅಲುಗಿದಂತೆ ಅಲುಗುತ್ತಿತ್ತು. ನನಗೆ ಅವರ ತುಟಿ ಅಲುಗಿದ್ದು ಕಂಡಿತು. ಏನು ಮಾತಾಡಿದರು ಎಂಬುದೂ ಹೆಚ್ಚುಕಡಿಮೆ ಕೇಳಿಸಿತು ಎನ್ನಬೇಕು. ಸ್ಪಷ್ಟವಾಗಿ ಕಾಣದ ಜಾಗವನ್ನೆಲ್ಲ ನನ್ನ ಸಂಶಯ ಬಹಳ ಅಚ್ಚುಕಟ್ಟಾಗಿ ತುಂಬಿಕೊಟ್ಟಿತ್ತು.

ಮರುದಿನ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ, ನಾಲ್ಕು ಮಂದಿಯ ಎದುರು ಗುರಪ್ಪನನ್ನು ನಿಲ್ಲಿಸಿಕೊಂಡೆ. ‘ನನ್ನ ಮುಂದ ಗೆಳೆತನ, ನನ್ನ ಹಿಂದ ಪರಸಪ್ಪನ ಹೆಗಲ ಮ್ಯಾಲ ಕೈ. ನಾಚಿಕಿ ಬರೂದಿಲ್ಲೇನು ನಿನಗ?’ ಎಂದೆ.

‘ಯಾರ ಹೆಗಲ? ಯಾವಾಗ?’ ಎಂದ ಗುರಪ್ಪ.

‘ನಿನ್ನಿ ಹನ್ನೆರಡಕ್ಕ. ನಿನ್ನ ಬೇವಿನ ಗಿಡದ ಬುಡಕ. ಕಣ್ಣಾರೆ ನೋಡೇನಿ.’

‘ಎಲ್ಲಿ ನಿಂತು ನೋಡೀದಿ?’

‘ನಮ್ಮ ಮಾಳಗಿ ಮ್ಯಾಲ.’

ಗುರಪ್ಪ ಚಹಾದ ಬಟ್ಟಲು ಕೆಳಗಿಟ್ಟ. ಅರ್ಧ ಚಹಾ ಹಾಗೇ ಇತ್ತು. ‘ಮಾಳಗಿ ಹತ್ತಿ ನೋಡಾಕ ಬಂತು. ಹತ್ತು ಮಿನೀಟು ನಡದು ಬಂದು, ಇದೇನಲೇ ಗುರಪ್ಪಾ ಅಂತ ಕೇಳಾಕ ಬರಲಿಲ್ಲ’ ಎಂದು ಹೊರಟುಹೋದ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಅಲ್ಲಿದ್ದವರಿಗೆ ಹೇಳಿದೆ.

ಸಾಹೇಬರು ಬಂದ ದಿನ ಗುರಪ್ಪ ಬರುವುದಿಲ್ಲ, ಬಂದರೂ ಪರಸಪ್ಪನ ಪಕ್ಷ ಎಂದು ನಾನು ತೀರ್ಮಾನಿಸಿದ್ದೆ. ಅವನು ನನಗಿಂತ ಮೊದಲೇ ಬಂದು ಬದುವಿನ ಮೇಲೆ ಕೂತಿದ್ದ. ಸಾಹೇಬರು ಕೇಳಿದಾಗ ಎದ್ದು ನಿಂತು, ‘ನಮ್ಮಜ್ಜನ ಬಂಡಿ ಇಲ್ಲೇ ಹೋಗೇತ್ರಿ, ನಮ್ಮಪ್ಪಂದೂ ಹೋಗೇತಿ, ನಂದೂ ಹೋಗೇತಿ. ಮಾಸ್ತರ ಮನಿಯವ್ರದೂ ಹೋಗೇತಿ. ದಾರಿ ಐತ್ರಿ ಸಾಹೇಬ್ರ’ ಎಂದ. ಪರಸಪ್ಪ ಕೆಕ್ಕರಿಸಿ ನೋಡಿದ. ಗುರಪ್ಪ ಕಾಗದಕ್ಕೆ ಸಹಿ ಮಾಡಿ, ನನ್ನ ಕಡೆ ತಿರುಗಿಯೂ ನೋಡದೆ ತನ್ನ ಹೊಲಕ್ಕೆ ಇಳಿದ. ನನಗೆ ದಾರಿ ಸಿಕ್ಕಿತು. ಆ ದಾರಿಯಲ್ಲಿ ನಡೆಯಲು ಮುಖ ಎಲ್ಲಿಂದ ತರಬೇಕೋ ತಿಳಿಯಲಿಲ್ಲ.

ಆದರೂ ಕಣ್ಣಾರೆ ಕಂಡದ್ದು ಸುಳ್ಳಾಗುವುದು ಹೇಗೆ? ಇದೇ ಕೊರಗಿನಲ್ಲಿದ್ದಾಗ ಚಿದಾನಂದ ಒಂದು ದಿನ ಮನೆಗೆ ಬಂದರು. ನನ್ನಿಂದ ನಡೆದದ್ದನ್ನೆಲ್ಲ ಕೇಳಿ, ಮಾಳಿಗೆ ಹತ್ತಿ, ನಳಿಗೆಯಲ್ಲಿ ನೋಡಿ, ‘ಸರ, ಆ ಬೇವಿನ ಗಿಡಕ್ಕೂ ಹಿಂದಿನ ಪಂಪಿನ ಮನಿಗೂ ಎಷ್ಟು ದೂರ ಕಾಣ್ತದ?’ ಎಂದು ಕೇಳಿದರು. ನೋಡಿದೆ. ‘ಮೂರು ಹೆಜ್ಜಿ’ ಎಂದೆ. ‘ನಡ್ರಿ, ಅಳೆಯೂನು’ ಎಂದು ಕರೆದುಕೊಂಡು ಹೋದರು. ಗುರಪ್ಪ ಇಲ್ಲದ ಹೊತ್ತು ನೋಡಿ ಹೋದೆವು. ಬೇವಿನಿಂದ ಪರಸಪ್ಪನ ಪಂಪಿನ ಮನೆಗೆ ನೂರಾ ಎಂಬತ್ತು ಹೆಜ್ಜೆ. ‘ಅರವತ್ತು ಪಟ್ಟು ಹತ್ತಿರ ತರೂ ನಳಗಿ, ನಡುವಿನ ಬಯಲನ್ನೂ ಅರವತ್ತರಿಂದ ಭಾಗಿಸಿಬಿಡ್ತದ್ರಿ. ಅದರಾಗ ಒಂದೇ ಕಣ್ಣು. ಹಿಂದ ಯಾರು, ಮುಂದ ಯಾರು ಅಂತ ಹೇಳಾಕ ಇನ್ನೊಂದು ಕಣ್ಣ ಇಲ್ಲ’ ಎಂದರು. ಅಂದು ನಡೆದದ್ದು ಇಷ್ಟೇ: ಗುರಪ್ಪ ಆಡಿಗೆ ಬೇವಿನ ಸೊಪ್ಪು ಹರಿಯಲು ಕೈ ಎತ್ತಿದ್ದಾನೆ. ನೂರಾ ಎಂಬತ್ತು ಹೆಜ್ಜೆ ಹಿಂದೆ ಪರಸಪ್ಪ ತನ್ನ ಪಂಪಿನ ಮುಂದೆ ನಿಂತಿದ್ದಾನೆ. ಪರಸಪ್ಪ ಗುರಪ್ಪನಿಗಿಂತ ಒಂದು ತಲೆ ಎತ್ತರದ ಆಳು. ನಳಿಗೆಯಲ್ಲಿ ಇಬ್ಬರೂ ಸರಿಸಮ ಕಂಡಿದ್ದರು. ದೂರದವನು ಗಿಡ್ಡ ಕಾಣುತ್ತಾನೆ ಎಂದು ಎಂಟನೇ ತರಗತಿಯ ಮಕ್ಕಳಿಗೆ ಕಲಿಸಿದವನಿಗೆ ಅದೊಂದು ಸಾಕಿತ್ತು.

ಇನ್ನು ಕ್ಷಮೆ ಕೇಳಬೇಕು. ಮನುಷ್ಯನಾದವನು ಹೋಗಿ ‘ತಪ್ಪಾತಪ್ಪಾ’ ಎಂದರೆ ಮುಗಿಯುತ್ತಿತ್ತು. ನಾನು ಮಾಸ್ತರ. ಸೀಮೆಸುಣ್ಣ ತೆಗೆದುಕೊಂಡು ಹೋದೆ. ಗುರಪ್ಪನ ಮನೆಯ ಕಟ್ಟೆಯ ಕಲ್ಲಿನ ಮೇಲೆ ಬೇವು ಬರೆದೆ, ಪಂಪಿನ ಮನೆ ಬರೆದೆ, ನನ್ನ ಕಣ್ಣು ಬರೆದೆ, ಗೆರೆ ಎಳೆದೆ. ಅವನ ಹೆಂಡತಿ ಕಮಲವ್ವ ನೀರು ತಂದಿಟ್ಟು ಬಾಗಿಲಲ್ಲೇ ನಿಂತಳು. ಗುರಪ್ಪ ಹಗ್ಗ ಹೊಸೆಯುತ್ತ ಪೂರ್ತಿ ಕೇಳಿದ. ‘ಅಂದ್ರ ತಪ್ಪು ನಳಗೀದು’ ಎಂದ.

‘ಹೌದು, ಅದನ್ನ ಹೇಳಾಕತ್ತೇನಿ’ ಎಂದೆ ಉತ್ಸಾಹದಿಂದ.

‘ನಳಗಿ ಬಂದು ಎಷ್ಟು ತಿಂಗಳಾತು?’

‘ನಾಲ್ಕು.’

‘ಅದಕ್ಕಿಂತ ಮೊದಲ ಐವತ್ತು ವರ್ಷ ಬರಿಗಣ್ಣಲೆ ನೋಡೀಯಲ್ಲ ನನ್ನ, ಆವಾಗ ಹೆಂಗ ಕಾಣ್ತಿದ್ನಿ?’

ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಕ್ಷಮೆ ಕೇಳಿದ್ದೆನೋ ಇಲ್ಲವೋ ಎಂದು ದಾರಿಯಲ್ಲಿ ನೆನಪು ಮಾಡಿಕೊಂಡೆ. ಕೇಳಿರಲಿಲ್ಲ.

ಎಳ್ಳಮವಾಸ್ಯೆ ಬಂತು. ಮಗಳೂ ಮೊಮ್ಮಗಳೂ ಬಂದಿದ್ದರು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಬುಟ್ಟಿಗೆ ತುಂಬಿತ್ತು. ನನಗೆ ಮೊಣಕಾಲು ನೋವು ಬಂತು. ಬರಬೇಕಾದ ಹೊತ್ತಿಗೆ ಸರಿಯಾಗಿ ಬರುವ ನೋವು ಅದು. ‘ಈ ಸಲ ನಮ್ಮ ಬದುವಿನ ಮ್ಯಾಲ ಕುಂತು ಉಣ್ರಿ, ನಾ ಆಮ್ಯಾಲ ಬರ್ತೇನಿ’ ಎಂದೆ. ಶಾಂತಾ ನನ್ನ ಮುಖ ನೋಡಿ, ಬುಟ್ಟಿ ಹೊತ್ತು ಹೊರಟಳು. ಅವರು ಹೋದ ಮೇಲೆ ನೋವಿನ ಕಾಲಲ್ಲೇ ಮಾಳಿಗೆ ಹತ್ತಿದೆ.

ನಳಿಗೆಯಲ್ಲಿ ನೋಡಿದರೆ, ಒಂದೇ ಕಂಬಳಿಯ ಮೇಲೆ ಶಾಂತಾ, ಮಗಳು, ಮೊಮ್ಮಗಳು, ಗುರಪ್ಪ, ಕಮಲವ್ವ. ಹಳೆಯ ನಾನಾಗಿದ್ದರೆ ಮೋಸಹೋಗುತ್ತಿದ್ದೆ. ಈಗ ನಾನು ಪೆಟ್ಟು ತಿಂದು ಕಲಿತವನು. ನಮ್ಮ ಬದುವಿಗೂ ಗುರಪ್ಪನ ಬೇವಿಗೂ ನೂರಿಪ್ಪತ್ತು ಹೆಜ್ಜೆ. ಅರವತ್ತರಿಂದ ಭಾಗಿಸಿದರೆ ಎರಡು. ನಮ್ಮವರು ಈಚೆ, ಅವರು ಆಚೆ, ನಳಿಗೆ ಎರಡೂ ಕಂಬಳಿಗಳನ್ನು ಒಂದು ಮಾಡಿ ತೋರಿಸುತ್ತಿದೆ. ಶಾಂತಾ ಗುರಪ್ಪನ ತಾಟಿಗೆ ಕಡುಬು ಹಾಕಿದಂತೆ ಕಂಡಿತು. ಇದೂ ಆ ಹೆಗಲ ಮೇಲಿನ ಕೈಯಂಥದೇ ಎಂದು ನಕ್ಕೆ. ಸ್ವಲ್ಪ ಹೊತ್ತಿಗೆ ಗುರಪ್ಪ ಎದ್ದು ನಿಂತು, ನೇರ ನನ್ನ ಕಡೆಗೆ ಕೈ ಎತ್ತಿ ಬೀಸಿದ. ಜೋಳದ ಮೇಲಿನ ಹಕ್ಕಿ ಹೊಡೆಯುತ್ತಿದ್ದಾನೆ ಎಂದುಕೊಂಡೆ. ಮತ್ತೆ ಬೀಸಿದ. ಹಕ್ಕಿ ಬಹಳ ಇರಬೇಕು. ಕಂಡದ್ದನ್ನು ನಂಬದೆ ಇರುವಷ್ಟು ಬುದ್ಧಿ ಕೊನೆಗೂ ಬಂತಲ್ಲ ಎಂದು ಒಂದು ತಾಸು ಅಲ್ಲೇ ಸುಖವಾಗಿ ಕೂತೆ.

ಹಸಿವಾದಾಗ ಇಳಿದು, ಬಂಡಿದಾರಿ ಹಿಡಿದು ಹೋದೆ. ನಮ್ಮ ಬದುವಿನ ಮೇಲೆ ಯಾರೂ ಇರಲಿಲ್ಲ. ಬೇವಿನ ಕೆಳಗೆ ಒಂದೇ ಕಂಬಳಿ. ಶಾಂತಾ, ಕಮಲವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮೊಮ್ಮಗಳು ಮಗಳ ತೊಡೆಯ ಮೇಲೆ ಮಲಗಿದ್ದಳು. ಗುರಪ್ಪ ಆಗಷ್ಟೇ ಎತ್ತು ಹೂಡಿಕೊಂಡು ಹೋಗಿದ್ದನಂತೆ. ಶಾಂತಾ ತಾಟು ತೊಳೆದು ನನಗೆ ಬಡಿಸಿದಳು. ಕಡುಬು ಆರಿತ್ತು.

‘ಮಾಸ್ತರ ಬರಲಿ, ಕೂಡೇ ಉಣ್ಣೂಣು ಅಂತ ಎಷ್ಟೊತ್ತು ಕುಂತಿದ್ರು ಅಣ್ಣಾರು’ ಎಂದಳು. ‘ನಾ ಎಷ್ಟು ಒತ್ತಾಯ ಮಾಡಿ ಬಡಿಸಿದ್ರೂ ತುತ್ತು ಎತ್ತಲಿಲ್ಲ. ಮಾಳಗಿ ಮ್ಯಾಲ ನಳಗಿ ಮಿಂಚಿದ್ದು ಕಂಡು, ಎದ್ದು ನಿಂತು ಎರಡು ಸಲ ಕೈ ಮಾಡಿ ಕರದ್ರು. ಆಮ್ಯಾಲ, ಅವಂಗ ಇನ್ನೂ ಸಿಟ್ಟು ಇಳದಿಲ್ಲ, ಇರಲಿ ಬಿಡು ತಂಗಿ ಅಂದು, ಒಂದೇ ಕಡುಬು ಉಂಡು ಎದ್ದುಬಿಟ್ರು. ನೀವು ನೋಡಲಿಲ್ಲೇನು?’

‘ಇಲ್ಲ’ ಎಂದು ತಲೆ ತಗ್ಗಿಸಿ ರೊಟ್ಟಿ ಮುರಿದೆ.