ಮೊದಲ ಭಾನುವಾರದ ಮಾವ

ಕನ್ನಡಕದ ಅಂಗಡಿಯ ಯಜಮಾನರಿಗೆ ಲೋಕದಲ್ಲಿ ಯಾರ ಕಣ್ಣಿನ ಭಯವೂ ಇರಲಿಲ್ಲ, ಮಾವನವರ ಕಣ್ಣೊಂದನ್ನು ಬಿಟ್ಟು. ಮಾವನವರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಇಲಾಖೆ ಅವರನ್ನು ಬಿಟ್ಟಿತ್ತು, ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಮಗಳ ಮನೆಗೆ ಬಂದರೆ ಚೀಲದಿಂದ ಮೊದಲು ಹೊರಬರುವುದು ಅಳತೆಯ ಟೇಪು. ಗೋಡೆಯ ಪಟ ಅರ್ಧ ಇಂಚು ಎಡಕ್ಕೆ ವಾಲಿದೆ, ಊಟದ ಮೇಜಿನ ಒಂದು ಕಾಲು ಮೋಟು, ಅಂಗಡಿಯ ಬೋರ್ಡು ಸೊಟ್ಟ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅಳಿಯನ ಯಾವ ಕೆಲಸವನ್ನು ಕಂಡೂ ಅವರು ‘ಸರಿಯಾಗಿದೆ’ ಎಂದದ್ದಿಲ್ಲ. ಆ ಒಂದು ಮಾತಿಗಾಗಿ ಯಜಮಾನರು ಒಳಗೊಳಗೇ ಹಂಬಲಿಸುತ್ತಿದ್ದರು. (ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು.)

ಹೀಗಿರುವಾಗ ಮಾವನವರ ಎಪ್ಪತ್ತೈದನೆಯ ಹುಟ್ಟುಹಬ್ಬದ ಅಭಿನಂದನಾ ಭಾಷಣ ಅಳಿಯನ ಪಾಲಿಗೆ ಬಂತು. ಯಜಮಾನರು ಟೊಂಕ ಕಟ್ಟಿ ಕೂತು, ಮೊದಲ ಕರಡಿನಲ್ಲಿ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕಕ್ಕಿಬಿಟ್ಟರು. ಅದನ್ನು ಓದಿದ ಹೆಂಡತಿ, “ಇದನ್ನ ಸಭೇಲಿ ಓದಿದ್ರೆ ನೀವು ಇನ್ಮೇಲೆ ಅಂಗಡೀಲೇ ಮಲಗ್ಬೇಕಾಗುತ್ತೆ” ಎಂದಳು. ಆಮೇಲೆ ಮೂರು ವಾರ ತಿದ್ದಿಸಿದಳು. ಕೊನೆಗೆ ಮಾವನವರು ಪರ್ವತವೂ ಸಾಗರವೂ ದೀಪಸ್ತಂಭವೂ ಆಗಿಬಿಟ್ಟ ಪರಮ ಸೌಮ್ಯ ಭಾಷಣವೊಂದು ಸಿದ್ಧವಾಯಿತು.

ಹುಟ್ಟುಹಬ್ಬದ ಬೆಳಿಗ್ಗೆ ಹೆಂಡತಿ ಸಭಾಂಗಣದಲ್ಲಿ ಕುರ್ಚಿ ಹಾಕಿಸಲು ಮುಂಚೆಯೇ ಹೋದಳು. ಮನೆಯಲ್ಲಿ ಒಬ್ಬರೇ ಉಳಿದ ಯಜಮಾನರಿಗೆ ಕಂಪ್ಯೂಟರನ್ನು ಚೊಕ್ಕಟ ಮಾಡುವ ಹುಮ್ಮಸ್ಸು ಬಂತು. ಬೇಡದ ಫೈಲುಗಳನ್ನೆಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಬರಿದು ಮಾಡಿ, ಕೈ ಕೊಡವಿ ನೋಡಿದರೆ ಪರ್ವತ, ಸಾಗರ, ದೀಪಸ್ತಂಭ ಮೂರೂ ಮಾಯ! ತಕ್ಷಣ ಹೆಂಡತಿಗೆ ಫೋನು ಹಚ್ಚಿದರು.

“ಲೇ, ನೀನು ಪ್ರತಿ ಭಾನುವಾರ ಬ್ಯಾಕಪ್ ಅಂತ ಏನೋ ಮಾಡ್ತೀಯಲ್ಲ...”

“ಯಾವ್ದು? ನನ್ನ ಹುಚ್ಚು ಅಂತೀರಲ್ಲ, ಅದಾ?” ಆಕೆ ಶಾಲೆಯೊಂದರ ಲೈಬ್ರರಿಯನ್. ಪುಸ್ತಕ ಸಾಲದೆಂದು ಕಂಪ್ಯೂಟರಿಗೂ ರಟ್ಟು ಹಾಕುತ್ತಾಳೆ ಎಂದು ಯಜಮಾನರು ಕಂಡಕಂಡವರ ಮುಂದೆ ಆಡಿಕೊಂಡಿದ್ದರು.

“ಅದೇ. ಅದ್ರಲ್ಲಿ ಒಂದೇ ಒಂದು ಫೈಲ್ ಬೇಕಿತ್ತು.”

ಆ ಕಡೆಯಿಂದ ಪಾಠ ಶುರುವಾಯಿತು. “ಬೀರುವಿನಲ್ಲಿ ಕಪ್ಪು ಡಿಸ್ಕ್ ಇದೆ, ಹಾಕಿ. ಅದ್ರಲ್ಲಿ ಒಂದೊಂದು ಭಾನುವಾರಕ್ಕೆ ಒಂದೊಂದು ಇಮೇಜ್ ಇರುತ್ತೆ. ಆವತ್ತು ಕಂಪ್ಯೂಟರ್ ಹೇಗಿತ್ತೋ ಹಾಗೇ ತೆಗೆದಿಟ್ಟ ಪ್ರತಿ. ‘ಪೂರ್ತಿ ಮರಳಿಸಲೇ’ ಅಂತ ಕೇಳುತ್ತೆ. ಅದನ್ನ ಮಾತ್ರ ಮುಟ್ಬೇಡಿ, ಇಡೀ ಕಂಪ್ಯೂಟರೇ ಹಳೇ ದಿನಕ್ಕೆ ಹೋಗ್ಬಿಡುತ್ತೆ. ಸುಮ್ನೆ ಇಮೇಜ್ ತೆರೆದು, ಒಳಗೆ ಹೋಗಿ, ಬೇಕಾದ ಫೈಲ್ ಒಂದನ್ನೇ ಈಚೆ ಎಳ್ಕೊಳ್ಳಿ. ತಾರೀಖು ನೋಡಿ ಮತ್ತೆ!”

“ನೋಡದೆ ಇರ್ತೀನಾ? ಸಣ್ಣಕ್ಷರ ಓದ್ಸೋದೇ ನನ್ನ ಕಸುಬು ಕಣೇ.”

ಡಿಸ್ಕಿನಲ್ಲಿ ನಾಲ್ಕು ಇಮೇಜುಗಳಿದ್ದವು. ಮೇಲಿರುವುದೇ ಹೊಸದೆಂದು ಯಜಮಾನರು ಎಲ್ಲಕ್ಕಿಂತ ಮೇಲಿದ್ದದ್ದನ್ನು ತೆರೆದರು. ಒಳಗೆ ತಮ್ಮದೇ ಕಂಪ್ಯೂಟರು, ತಮ್ಮದೇ ಫೋಲ್ಡರು, ಅದರಲ್ಲಿ ‘ಮಾವ’ ಎಂಬ ಫೈಲು! ಬೆಣ್ಣೆಯಿಂದ ಕೂದಲು ತೆಗೆದಂತೆ ಅದೊಂದನ್ನೇ ಈಚೆಗೆಳೆದರು. ಪ್ರಿಂಟು ತೆಗೆದು, ಮಡಚಿ, ಜೇಬಿಗಿಳಿಸಿದರು. ಓದಿ ನೋಡುವ ಅಗತ್ಯವೇ ಕಾಣಲಿಲ್ಲ. ಇದರಲ್ಲಿ ಇಷ್ಟೊಂದು ದೊಡ್ಡಸ್ತಿಕೆ ಏನಿದೆ ಎಂದು ಹೆಂಡತಿಯ ಬಗ್ಗೆ ಸ್ವಲ್ಪ ಕನಿಕರವೂ ಪಟ್ಟರು.

ಸಭೆಯಲ್ಲಿ ಐವತ್ತು ಜನ ನೆಂಟರು. ಯಜಮಾನರು ಗಂಟಲು ಸರಿಮಾಡಿಕೊಂಡು ಓದತೊಡಗಿದರು. “ನಮ್ಮ ಮಾವನವರನ್ನು ನೆನೆದಾಗಲೆಲ್ಲ ನನಗೆ ನೆನಪಾಗುವುದು ಹಲ್ಲುನೋವು...”

ನಾಲಿಗೆ ಅಲ್ಲೇ ನಿಂತಿತು. ಇದು ಕಳೆದ ಭಾನುವಾರದ ಮಾವನಲ್ಲ, ಮೊಟ್ಟಮೊದಲ ಭಾನುವಾರದ ಮಾವ!

“ಮುಂದೆ?” ಎಂದರು ಮಾವನವರು.

“ಕಣ್ಣು ಮಂಜಾಗ್ತಿದೆ, ಮಾವ.”

“ಕನ್ನಡಕದ ಅಂಗಡಿಯೋನಿಗಾ? ಕೊಡು ಇಲ್ಲಿ.” ಕಾಗದ ಕಿತ್ತುಕೊಂಡು ಅವರೇ ಸ್ಪಷ್ಟವಾಗಿ ಓದಿದರು. “ಹಲ್ಲುನೋವಿನ ಹಾಗೆ ಹೇಳದೆ ಬರುತ್ತಾರೆ. ಬಂದರೆ ಮನೆಯ ಗಡಿಯಾರಗಳೆಲ್ಲ ಅಪರಾಧಿಗಳು. ಹೆಣ್ಣು ನೋಡಲು ಹೋದ ದಿನ ನನ್ನನ್ನು ಬಾಗಿಲಿಗೆ ನಿಲ್ಲಿಸಿ ಅಳೆದರು. ಹೇಳಿದ ಎತ್ತರಕ್ಕಿಂತ ಅರ್ಧ ಇಂಚು ಕಡಿಮೆ ಬಂದದ್ದನ್ನು ಇವತ್ತಿಗೂ ಮರೆತಿಲ್ಲ. ಕಳೆದ ಸಲ ಹನ್ನೊಂದು ದಿನ ಇದ್ದರು, ನನಗೆ ಹನ್ನೊಂದು ವರ್ಷ ವಯಸ್ಸಾಯಿತು...” ಹೀಗೆ ಮೂರು ಪುಟವನ್ನೂ ಒಂದಕ್ಷರ ಬಿಡದೆ ಓದಿದರು. ಯಜಮಾನರು ಬಾಗಿಲು ಎಷ್ಟು ದೂರವಿದೆ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು.

ಮಾವನವರು ಕಾಗದ ಮಡಚಿದರು. “ಎರಡು ತಪ್ಪಿದೆ. ನಾನಿದ್ದದ್ದು ಹದಿಮೂರು ದಿನ. ಕಡಿಮೆ ಬಂದದ್ದು ಮುಕ್ಕಾಲು ಇಂಚು.” ಆಮೇಲೆ ಮುಖವೆಲ್ಲ ಅರಳಿತು. “ಮಿಕ್ಕಿದ್ದೆಲ್ಲ ಸರಿಯಾಗಿದೆ! ನಲವತ್ತು ವರ್ಷ ಊರೋರನ್ನೆಲ್ಲ ಅಳೆದೆ. ನನ್ನನ್ನ ಅಳೆದೋನು ನೀನೊಬ್ಬನೇ ನೋಡಪ್ಪ.”

ಇಪ್ಪತ್ತೆರಡು ವರ್ಷದ ಆಸೆ ಈಡೇರಿತು. ಯಜಮಾನರ ಕಣ್ಣು ಈಗ ನಿಜವಾಗಿಯೂ ಮಂಜಾಯಿತು. ಪಕ್ಕದಲ್ಲಿ ಹೆಂಡತಿ ಕೈಚೀಲದಿಂದ ಮೆಲ್ಲಗೆ ಮೂರು ಹಾಳೆ ತೆಗೆದಳು. ಪರ್ವತ, ಸಾಗರ, ದೀಪಸ್ತಂಭ.

“ಇದು ನಿನ್ಹತ್ರ ಇತ್ತಾ? ಫೋನಲ್ಲಿ ಯಾಕೆ ಹೇಳ್ಲಿಲ್ಲ?”

“ಮೊದಲ್ನೇ ಸಲ ಬ್ಯಾಕಪ್ ಬೇಕು ಅಂದ್ರಿ. ಕಲೀಲಿ ಅಂತ ಸುಮ್ನಿದ್ದೆ.”

ಅಷ್ಟರಲ್ಲಿ ಮಾವನವರು ಅಳಿಯನ ಹೆಗಲ ಮೇಲೆ ಕೈಯಿಟ್ಟರು. “ಆದ್ರೆ ಮೂರೇ ಪುಟ! ಅರೆಬರೆ ಕೆಲಸ ನನಗಾಗಲ್ಲ. ನಾಳೇನೇ ಬರ್ತೀನಿ, ಎರಡು ತಿಂಗಳು ಇರ್ತೀನಿ. ಹತ್ತಿರದಿಂದ ನೋಡಿ ಪೂರ್ತಿ ಬರಿ.”

ಯಜಮಾನರು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು. “ಆ ‘ಪೂರ್ತಿ ಮರಳಿಸಲೇ’ ಅಂತ ಇತ್ತಲ್ಲ, ಅದನ್ನ ಒತ್ತಿದ್ರೆ ಇವತ್ತು ಬೆಳಿಗ್ಗೆಗೆ ಹೋಗ್ಬಹುದಾ?”

“ಕಂಪ್ಯೂಟರ್ ಹೋಗುತ್ತೆ,” ಎಂದಳು ಹೆಂಡತಿ. “ನಮ್ಮಪ್ಪ ಹೋಗಲ್ಲ.”